ಆಜಾದನ ಊರು ನೋಡಲು ಬಂತು

ತೊಂಬತ್ತರ ದಶಕದಲ್ಲಿ ನೈರೋಬಿಯ ಕಿಲೆಲೆಶ್ವಾ ಬಡಾವಣೆಯಲ್ಲಿ ಒಬ್ಬನೇ ಇದ್ದೆ. ಒಮ್ಮೆ ಮಲೇರಿಯಾ ಬಂದು ಮಲಗಿದೆ. ಎದುರು ಫ್ಲ್ಯಾಟಿನ ಆಜಾದ್ ಬೆಳಿಗ್ಗೆ ಸೂಪ್ ತಂದ. ಕುರ್ದಿಸ್ತಾನದ ಯಾವುದೋ ಬೆಟ್ಟದೂರಿನವನು. ಅಲ್ಲಿಯವರೆಗೆ ನಮ್ಮದು ಬರೀ ಮೆಟ್ಟಿಲ ಮೇಲಿನ ಪರಿಚಯ. ಮಧ್ಯಾಹ್ನ ಮತ್ತೆ ಬಂದು, ಸೊಳ್ಳೆಪರದೆ ಕಟ್ಟಿಲ್ಲವೆಂದು ಚೆನ್ನಾಗಿ ಬೈದ. ಸಂಜೆ ಬಂದವನು ಸುಮ್ಮನೆ ಕೂತ.

"ಎಷ್ಟು ಸಲ ಬರ್ತೀರಿ, ಮಾರಾಯ್ರೇ?" ಎಂದೆ.

"ನಮ್ಮೂರಲ್ಲಿ ಒಬ್ಬರು ಮಲಗಿದ್ರೆ ಊರೆಲ್ಲ ನೋಡೋಕೆ ಬರುತ್ತೆ. ಇಲ್ಲಿ ಎಲ್ಲರ ಪರವಾಗಿ ನಾನೊಬ್ಬನೇ. ಬೆಳಿಗ್ಗೆ ಬಂದದ್ದು ಅಮ್ಮ, ಬೈದದ್ದು ದೊಡ್ಡಪ್ಪ. ಈಗ ಕೂತಿರೋದು ತಾತ, ಅವರು ಮಾತು ಕಮ್ಮಿ."

ನನ್ನ ಕಣ್ಣು ತುಂಬಿತು. "ಊರಲ್ಲಿ ಎಷ್ಟು ಜನ?"

"ಸಣ್ಣ ಊರು. ಇನ್ನೂರು."

ಮಾರನೇ ದಿನವೇ ಜ್ವರ ಬಿಟ್ಟಿತು. ಮಾತ್ರೆಯ ಗುಣ ಅಂದರು ಡಾಕ್ಟರು. ಇರಬಹುದು. ಆದರೆ ಮಿಕ್ಕವರೆಲ್ಲ ಬರುವ ಮುಂಚೆ ಏಳಬೇಕಲ್ಲ ಅನ್ನುವ ಗಾಬರಿಯೂ ನನಗಿತ್ತು.