ನಡುವಿನ ಕೋಣೆಯ ಮಾಳಿಗೆ

ಹಸಿ ಮಣ್ಣಿನ ವಾಸನೆ ಎಂದರೆ ಸಾಕು, ಜನ ಕಣ್ಣು ಮುಚ್ಚಿಕೊಂಡು ಆಹಾ ಎನ್ನುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಮೊನ್ನೆ ಹೊಸಪೇಟೆಯ ನಮ್ಮ ಓಣಿಯಲ್ಲಿ ಮಣ್ಣಿನ ಚಾವಣಿಯ ಒಂದು ಹಳೇ ಮಾಳಿಗೆ ಮನೆಯನ್ನು ಜೆಸಿಬಿ ತಂದು ಕೆಡವಿದರು. ಧೂಳು ಏಳಬಾರದೆಂದು ಪೈಪಿನಿಂದ ನೀರು ಬಿಟ್ಟಿದ್ದೇ ತಡ, ಚೌಳು ಮಣ್ಣಿನ ಆ ವಾಸನೆ, ಅತ್ತ ಸುಣ್ಣವೂ ಅಲ್ಲದ ಇತ್ತ ಉಪ್ಪೂ ಅಲ್ಲದ, ಗಂಟಲಿಗೆ ಹತ್ತುವ ವಾಸನೆ, ಅಡುಗೆಮನೆಯ ಕಿಟಕಿಯಿಂದ ಒಳಗೆ ನುಗ್ಗಿತು. ಒಲೆಯ ಮೇಲೆ ಹಾಲಿಟ್ಟಿದ್ದೆ, ಉಕ್ಕಿ ಹೋಯಿತು. ನಾನು ಹಾಗೇ ನಿಂತುಬಿಟ್ಟಿದ್ದೆ. ಕಂಪ್ಲಿಯ ನಮ್ಮ ಮನೆ ಮನೆಯಾಗಿ ಉಳಿಯದೆ ಎಷ್ಟೋ ಕಾಲವಾಯಿತು. ಅದನ್ನು ಹಾಳು ಮಾಡಿದ ಇಬ್ಬರೂ ಹೋದರು. ಒಬ್ಬ ನನ್ನ ಅಪ್ಪ, ಇನ್ನೊಬ್ಬ ಅವನ ಅಣ್ಣ, ನನ್ನ ದೊಡ್ಡಪ್ಪ. ಸತ್ತವರ ಬಗ್ಗೆ ಕೆಟ್ಟದ್ದು ಮಾತಾಡಬಾರದು ಎನ್ನುತ್ತಾರೆ. ಮತ್ತೆ ಯಾರ ಬಗ್ಗೆ ಮಾತಾಡಲಿ?

ನಿಮ್ಮಲ್ಲಿ ಮಾಳಿಗೆ ಮನೆಯಲ್ಲಿ ಬೆಳೆದವರಿದ್ದರೆ ಬಿಡಿಸಿ ಹೇಳಬೇಕಿಲ್ಲ. ತೊಲೆಗಳ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಚಕ್ಕೆ, ಅದರ ಮೇಲೆ ಬೇವಿನ ಸೊಪ್ಪು, ಆಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ನೀರನ್ನು ಒಳಗೆ ಬಿಡದ ಬಿಳಿಚಿಕೊಂಡ ಚೌಳು. ನಮ್ಮ ತಲೆಯ ಮೇಲಿದ್ದದ್ದು ಇಷ್ಟೇ. ಕಂಪ್ಲಿಯ ಬಿಸಿಲಿಗೆ ಬೀದಿಯಲ್ಲಿ ನಾಯಿಗಳು ಗಟಾರಕ್ಕೆ ಇಳಿದು ಮಲಗುವ ಮಧ್ಯಾಹ್ನವೂ ನಮ್ಮ ಪಡಸಾಲೆ ತಂಪಾಗಿರುತ್ತಿತ್ತು. ವರ್ಷಕ್ಕೊಮ್ಮೆ, ಮಳೆಗಾಲದ ಮುಂಚೆ, ಹೊಸ ಚೌಳು ಹಾಕಿಸಬೇಕು. ಅದಕ್ಕೆ ಹುಸೇನಪ್ಪ ಬರುತ್ತಿದ್ದ. ಬಾಯಿ ತುಂಬ ಎಲೆಅಡಿಕೆ, ಬಾಯಿ ತೆರೆದರೆ ಬೈಗುಳ, ಆದರೆ ಕೆಲಸಕ್ಕೆ ನಿಂತರೆ ಊಟದ ನೆನಪೂ ಇರುತ್ತಿರಲಿಲ್ಲ. ಕಾಲುವೆಯ ದಂಡೆಯಿಂದ ಬಂಡಿಯಲ್ಲಿ ಮಣ್ಣು ಬರುತ್ತಿತ್ತು. ಅಪ್ಪ, ದೊಡ್ಡಪ್ಪ ಲುಂಗಿ ಮೇಲೆ ಕಟ್ಟಿ ಪುಟ್ಟಿ ತುಂಬಿ ಕೊಡುತ್ತಿದ್ದರು, ದೊಡ್ಡಪ್ಪನ ಮಗಳು ಗೌರಿ ಮತ್ತು ನಾನು ಏಣಿಯ ಕೆಳಗೆ ನಿಂತು ಸುಮ್ಮಸುಮ್ಮನೆ ಕೂಗುತ್ತಿದ್ದೆವು. ಅಜ್ಜಿ ಎಲ್ಲರಿಗೂ ಒಗ್ಗಾಣಿ ಮಾಡಿ, ಮಿರ್ಚಿ ಕರಿದು, ಹುಸೇನಪ್ಪನ ತಟ್ಟೆಯಲ್ಲಿ ಎರಡು ಹೆಚ್ಚಿಗೆ ಇಡುತ್ತಿದ್ದಳು. ಸಾಯಂಕಾಲ ಕೆಲಸ ಮುಗಿದ ಮೇಲೆ ಪರೀಕ್ಷೆ. ಹುಸೇನಪ್ಪ ಮಾಳಿಗೆಯ ಹಿಂದಿನ ಮೂಲೆಗೆ ಹೋಗಿ ಒಂದು ಕೊಡ ನೀರು ಸುರಿಯುತ್ತಿದ್ದ. ಆ ನೀರು ಎಲ್ಲೂ ನಿಲ್ಲದೆ, ಇಡೀ ಮಾಳಿಗೆ ದಾಟಿ, ಮುಂದಿನ ಮೂಲೆಯ ತಗಡಿನ ಕೊಳವೆಯಿಂದ ಬೀದಿಗೆ ಬೀಳಬೇಕು. ಕೆಳಗೆ ಅಜ್ಜಿ ತಲೆ ಎತ್ತಿಕೊಂಡು ಕಾಯುತ್ತಿದ್ದಳು. "ಬಂತು ನೋಡಪ್ಪಾ!" ಎಂದು ಆಕೆ ಕೂಗಿದರೆ ಆ ವರ್ಷದ ಮಳೆಗೆ ನಾವು ಹೆದರಬೇಕಿರಲಿಲ್ಲ.

ಅಣ್ಣತಮ್ಮಂದಿರು ಯಾಕೆ ಬೇರೆಯಾದರು ಎಂದು ಕೇಳಬೇಡಿ. ಅಕ್ಕಿ ಗಿರಣಿಯ ವಿಷಯಕ್ಕೆ ಶುರುವಾಯಿತು ಎನ್ನುತ್ತಿದ್ದಳು ಅಮ್ಮ. ಕೊನೆಕೊನೆಗೆ ಅವರಿಬ್ಬರಿಗೇ ಅದು ಸರಿಯಾಗಿ ನೆನಪಿರಲಿಲ್ಲ. ಹಿರಿಯರು ನಾಲ್ಕು ಮಂದಿ ಬಂದು ಪಡಸಾಲೆಯ ನಟ್ಟನಡುವೆ ಹಗ್ಗ ಹಿಡಿದರು, ಮರುದಿನ ಅಲ್ಲಿ ಗೋಡೆ ಎದ್ದಿತು. ಎಡಕ್ಕೆ ನಾವು, ಬಲಕ್ಕೆ ದೊಡ್ಡಪ್ಪ. ಪಡಸಾಲೆಯ ಹಿಂದಿದ್ದ ದೇವರ ಕೋಣೆಗೆ ಮಾತ್ರ ಹಗ್ಗ ತಾಗಲಿಲ್ಲ, ಯಾಕೆಂದರೆ ಅಜ್ಜಿ ಅದರ ಹೊಸ್ತಿಲ ಮೇಲೆ ಕುಳಿತುಬಿಟ್ಟಿದ್ದಳು. "ನನಗ ಬ್ಯಾರೆ ಏನೂ ಬ್ಯಾಡ. ಈ ಕೋಣಿ ಬಿಡ್ರಿ. ನಿಮ್ಮಪ್ಪ ಹೋಗಿದ್ದೂ ಇಲ್ಲೆ, ನಾನೂ ಇಲ್ಲಿಂದನ ಹೋಗ್ತೀನಿ" ಎಂದಳು. ಹಿರಿಯರು ಒಪ್ಪಿದರು. ಅಜ್ಜಿ ಇರುವವರೆಗೆ ಅದು ಇಬ್ಬರದೂ ಎಂದಾಯಿತು. ಕೋಣೆಗೆ ಎರಡೇ ಬಾಗಿಲು, ಒಂದು ನಮ್ಮ ಕಡೆಗೆ, ಒಂದು ಅವರ ಕಡೆಗೆ. ಅಪ್ಪ ದೊಡ್ಡಪ್ಪ ಮಾತು ಬಿಟ್ಟರೂ ಗೌರಿ ಆ ಬಾಗಿಲಿನಿಂದ ಬರುತ್ತಿದ್ದಳು, ನಾನು ಈ ಬಾಗಿಲಿನಿಂದ ಹೋಗುತ್ತಿದ್ದೆ. ಮೇಲೆ ಒಂದು ಬೆಳಕಿಂಡಿ, ಅದರ ಕೆಳಗೆ ದುಂಡಗೆ ಬೀಳುವ ಬಿಸಿಲು, ಆ ಬಿಸಿಲಿನಲ್ಲಿ ಸುಳಿಯುವ ಲೋಬಾನದ ಹೊಗೆ. ಅಜ್ಜಿ ಲಿಂಗಪೂಜೆ ಮುಗಿಸಿ ನಮ್ಮಿಬ್ಬರ ಹಣೆಗೂ ಒಂದೇ ಬೆರಳಿನಿಂದ ವಿಭೂತಿ ಹಚ್ಚುತ್ತಿದ್ದಳು. ಆಕೆಯ ಸೀರೆಯ ಸೆರಗಿನಲ್ಲಿ ಬೆಲ್ಲ, ಕೊಬ್ಬರಿ, ಹಳೇ ಹತ್ತಿಯ ವಾಸನೆ ಇರುತ್ತಿತ್ತು. ನನ್ನ ಬಾಲ್ಯದಲ್ಲಿ ಸುಖ ಎಂಬುದು ಇದ್ದರೆ ಆ ಕೋಣೆಯಲ್ಲೇ ಇತ್ತು.

ಗೋಡೆ ಹಾಕಿದ್ದು ಕೆಳಗೆ. ಮೇಲೆ ಮಾಳಿಗೆ ಇನ್ನೂ ಒಂದೇ, ಅದರ ಇಳಿಜಾರೂ ಒಂದೇ. ನಮ್ಮ ಕಡೆಯ ಮಳೆನೀರು ದೊಡ್ಡಪ್ಪನ ಕಡೆಗೆ ಹರಿದು, ಅವನ ಮೂಲೆಯ ಕೊಳವೆಯಿಂದಲೇ ಬೀಳಬೇಕಿತ್ತು. ಮೊದಲ ಮಳೆಗೇ ದೊಡ್ಡಪ್ಪ ಬೀದಿಯಲ್ಲಿ ನಿಂತು, "ಅವನ ಮಾಳಿಗಿ ನೀರು ನನ್ನ ಮಾಳಿಗಿ ಮ್ಯಾಲೆ ಯಾಕ ಹರೀಬೇಕು? ನಾನೇನು ಅವನ ಗಟಾರೇನು?" ಎಂದು ಊರಿಗೆಲ್ಲ ಕೇಳುವಂತೆ ಕೂಗಿದ. ಹುಸೇನಪ್ಪ ನಮ್ಮ ಕಡೆಯವನಾದ ಎಂದು ಅವನು ಹೊಸಪೇಟೆಯಿಂದ ರಾಜು ಮೇಸ್ತ್ರಿಯನ್ನು ಕರೆಸಿದ. ರಾಜು ಮೇಸ್ತ್ರಿ ದೊಡ್ಡಪ್ಪನ ಅರ್ಧಕ್ಕೆ ಮಣ್ಣು ಹೇರಿ ಎತ್ತರಿಸಿದ. ಕೊಡದ ಪರೀಕ್ಷೆ ಆಯಿತು, ನೀರು ಅವನ ಕಡೆ ಬರಲಿಲ್ಲ. ದೊಡ್ಡಪ್ಪ ಮೇಲೆ ನಿಂತು ಚಪ್ಪಾಳೆ ತಟ್ಟಿದ. ಅಪ್ಪ ಸುಮ್ಮನಿದ್ದಾನೆಯೇ? ಹುಸೇನಪ್ಪನನ್ನು ಕರೆಸಿ ನಮ್ಮ ಅರ್ಧವನ್ನು ಇನ್ನೂ ಎತ್ತರಿಸಿದ. ತಾನೇ ಕೊಡ ಹೊತ್ತು ಹೋಗಿ ನೀರು ಸುರಿದ. ಮುಂದಿನ ವರ್ಷ ದೊಡ್ಡಪ್ಪ. ಅದರ ಮುಂದಿನ ವರ್ಷ ಅಪ್ಪ. ನೀರು ತಮ್ಮ ಕಡೆ ಬರಬಾರದು ಎಂಬುದೊಂದೇ ಇಬ್ಬರಿಗೂ ಬೇಕಿತ್ತು. ಅದು ಎಲ್ಲಿಗೆ ಹೋಗುತ್ತದೆ ಎಂದು ಇಬ್ಬರೂ ನೋಡಲಿಲ್ಲ. ಎರಡೂ ಕಡೆ ದಿಬ್ಬ, ನಡುವೆ ಯಾರೂ ಮಣ್ಣು ಹಾಕದ ತಗ್ಗು. ಆ ತಗ್ಗಿನ ಕೆಳಗೆ ನಮ್ಮ ಅಜ್ಜಿ.

ಕೋಣೆ ಸೋರಲು ಶುರುವಾಯಿತು. ಮೊದಲು ಮೂಲೆಯಲ್ಲಿ, ಆಮೇಲೆ ದೇವರ ಜಗಲಿಯ ಮೇಲೆ, ಆಮೇಲೆ ಅಜ್ಜಿಯ ಹಾಸಿಗೆಯ ಮೇಲೆ. ತಾಮ್ರದ ತಂಬಿಗೆ, ಬೋಗುಣಿ, ಕೊನೆಗೆ ಹಿಟ್ಟಿನ ಪರಾತವನ್ನೂ ಇಟ್ಟುಕೊಂಡು ಆಕೆ ನಡುವೆ ಕೂರುತ್ತಿದ್ದಳು. "ಲೇ ಪಂಪಣ್ಣ, ನಾಕು ಪುಟ್ಟಿ ಮಣ್ಣು ಹಾಕ್ಸಪ್ಪಾ" ಎಂದು ಅಪ್ಪನಿಗೆ ಹೇಳಿದಳು. ಅಪ್ಪ, "ಅದು ಇಬ್ರುದೈತಿ ಯವ್ವ. ಮೊದಲು ಅವ ಮೇಸ್ತ್ರೀನ ಕರಸ್ಲಿ, ಆಮ್ಯಾಲೆ ನಾ ಕರಸ್ತೀನಿ" ಎಂದ. ಅಜ್ಜಿ ಇನ್ನೊಂದು ಬಾಗಿಲು ತೆರೆದು ದೊಡ್ಡಪ್ಪನಿಗೆ ಹೇಳಿದಳು, "ವಿರುಪಾಕ್ಷೀ, ನೀನರ ದೊಡ್ಡಾವ." ಅಲ್ಲಿಂದಲೂ ಅದೇ ಉತ್ತರ ಬಂತು, ಒಂದಕ್ಷರ ಹೆಚ್ಚುಕಡಿಮೆ ಇಲ್ಲ. "ನಿಮ್ಮ ಹಟಕ್ಕ ಬೆಂಕಿ ಹಚ್ಚ" ಎಂದು ಅಜ್ಜಿ ಎರಡೂ ಬಾಗಿಲು ಹಾಕಿಕೊಂಡಳು. ತಾನೇ ಮೇಸ್ತ್ರಿಯನ್ನು ಗೊತ್ತು ಮಾಡಲೂ ನೋಡಿದಳು. ಬಂದವನು ಏಣಿ ಇಡುವುದೆಲ್ಲಿ? ನಮ್ಮ ಅಂಗಳದಲ್ಲಿಡಲು ಅಪ್ಪ ಬಿಡ, ಅವರ ಅಂಗಳದಲ್ಲಿಡಲು ದೊಡ್ಡಪ್ಪ ಬಿಡ. ಆಮೇಲೆ ಕಂಪ್ಲಿಯ ಯಾವ ಮೇಸ್ತ್ರಿಯೂ ಆ ಕೋಣೆಯ ಕೆಲಸಕ್ಕೆ ಒಪ್ಪಲಿಲ್ಲ.

ಆ ಇಬ್ಬರು ಮೇಸ್ತ್ರಿಗಳನ್ನೂ ನಾನು ಬಿಡುವವಳಲ್ಲ. ಅವರಿಗೆ ಗೊತ್ತಿರಲಿಲ್ಲವೇ? ಹಳೇ ಜಂತಿ ಎಷ್ಟು ಮಣ್ಣು ಹೊರುತ್ತದೆ, ನಿಂತ ನೀರು ಏನು ಮಾಡುತ್ತದೆ ಎಂಬುದು ಅವರಿಗಲ್ಲದೆ ಇನ್ಯಾರಿಗೆ ಗೊತ್ತು? ಒಂದು ದಿನ ನಾನು ಶಾಲೆಗೆ ಹೋಗುವಾಗ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಇಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತಿದ್ದರು. ಒಬ್ಬನ ತಂಗಿಯನ್ನು ಇನ್ನೊಬ್ಬನಿಗೆ ಕೊಟ್ಟಿದ್ದರಂತೆ, ನನಗೆ ಆಮೇಲೆ ತಿಳಿಯಿತು. ಹುಸೇನಪ್ಪ ಬಸಿಯಲ್ಲಿ ಚಹಾ ಸುರಿದು ಅವನಿಗೆ ಕೊಡುತ್ತ, "ಭಾವಾ, ಈ ವರ್ಷ ನೀ ಎತ್ತೀದಿ, ಬರೋ ವರ್ಷ ನಾ ಎತ್ತತೀನಿ. ಬಡದಾಡಿಕೋಂತ ಇರ್ಲಿ ಬಿಡು" ಎಂದು ನಗುತ್ತಿದ್ದ. ಅಜ್ಜಿ ಹೆಚ್ಚಿಗೆ ಹಾಕಿದ ಮಿರ್ಚಿಯನ್ನೆಲ್ಲ ತಿಂದ ಬಾಯಿ ಅದು! ಮನೆಗೆ ಬಂದು ಅಪ್ಪನಿಗೆ ಹೇಳಿದೆ. "ಸಣ್ಣಾಕಿ, ನಿನಗ್ಯಾಕ ಬೇಕು" ಎಂದು ಗದರಿಸಿದ. ಆ ವರ್ಷ ಹುಸೇನಪ್ಪ ಮತ್ತೆ ಏಣಿ ಹತ್ತಿದ.

ಮಾಳಿಗೆ ಬಿದ್ದದ್ದು ಒಂದು ಶ್ರಾವಣದ ಬೆಳಿಗ್ಗೆ. ಹಿಂದಿನ ದಿನವೆಲ್ಲ ಮಳೆ ಹಿಡಿದಿತ್ತು. ಅಜ್ಜಿ ನಮ್ಮ ಅಡುಗೆಮನೆಗೆ ಬಂದು ಲಿಂಗಪೂಜೆಗೆ ನೀರು ತುಂಬಿಕೊಳ್ಳುತ್ತಿದ್ದಳು. ಬೇರೇನೂ ಇಲ್ಲ, ಒಂದು ಜಂತಿ ಮುರಿದ ಲಟ್ ಎಂಬ ಸದ್ದು, ಅದರ ಹಿಂದೆಯೇ ಇಡೀ ಬಂಡಿ ಮಗುಚಿದಂತೆ ಧಡಧಡ. ಬಾಗಿಲಿನಿಂದ ಕೆಸರು ಅಡುಗೆಮನೆಯವರೆಗೂ ಬಂತು. ಜಗಲಿ, ಹಾಸಿಗೆ, ಬೋಗುಣಿಗಳು ಎಲ್ಲವೂ ಒಳಗೇ ಹೂತುಹೋದವು. ಅಜ್ಜಿ ತಂಬಿಗೆ ಹಿಡಿದುಕೊಂಡೇ ನಿಂತಿದ್ದಳು. ಅತ್ತ ಬಾಗಿಲಲ್ಲಿ ದೊಡ್ಡಪ್ಪ, ಇತ್ತ ಬಾಗಿಲಲ್ಲಿ ಅಪ್ಪ, ನಡುವೆ ಸೊಂಟದೆತ್ತರ ಮಣ್ಣು. ತಾಯಿ ಉಳಿದಳೋ ಇಲ್ಲವೋ ಎಂದು ಕೇಳುವ ಮೊದಲು ದೊಡ್ಡಪ್ಪನ ಬಾಯಿಂದ ಬಂದ ಮಾತು, "ನಿನ್ನ ಮಣ್ಣಿಗೇ ಬಿತ್ತು ನೋಡ್ಲೇ." ಅಪ್ಪ ಹೇಳಿದ್ದು, "ನಿನ್ನ ನೀರಿಗೆ ಬಿತ್ತು." ನಾನು ಕೇಳಿಸಿಕೊಂಡಿದ್ದೇನೆ, ಇದೇ ಕಿವಿಯಿಂದ.

ಅಪ್ಪನ ತಂಗಿ ನೀಲಮ್ಮತ್ತೆ ದೋಣಿಮಲೈಯಲ್ಲಿದ್ದಳು, ಮಾವನಿಗೆ ಅಲ್ಲಿ ಗಣಿಯಲ್ಲಿ ಕೆಲಸ. ಸುದ್ದಿ ತಿಳಿದ ದಿನವೇ ಬಂದಳು. "ಇಬ್ರು ಗಂಡುಮಕ್ಕಳು ಹುಟ್ಟೀರಿ, ತಾಯಿ ತಲಿ ಮ್ಯಾಲೆ ಒಂದು ಮಾಳಿಗಿ ನಿಲ್ಲಸಾಕ ಆಗ್ಲಿಲ್ಲ, ಥೂ ನಿಮ್ಮ!" ಎಂದು ಬೀದಿಯಲ್ಲೇ ಉಗಿದು ಅಜ್ಜಿಯನ್ನು ಕರೆದುಕೊಂಡು ಹೋದಳು. ಆಮೇಲೆ ಅಜ್ಜಿ ಇರುವವರೆಗೆ ಕಂಪ್ಲಿಗೆ ಕಾಲಿಡಲಿಲ್ಲ. ರಜೆಗೆ ನಾನು ಅಲ್ಲಿಗೆ ಹೋಗುತ್ತಿದ್ದೆ. ಕಂಪನಿ ಕ್ವಾರ್ಟರ್ಸು, ಕಿಟಕಿಯ ಮೇಲೆಲ್ಲ ಕೆಂಪು ಧೂಳು, ಹೊತ್ತುಹೊತ್ತಿಗೆ ಸ್ಟಾಫ್ ಬಸ್ಸಿನ ಹಾರ್ನು. ಅಜ್ಜಿ ತೊಟ್ಟಿಕ್ಕದ ಆ ಸ್ಲ್ಯಾಬನ್ನು ನೋಡುತ್ತ ಮಲಗಿರುತ್ತಿದ್ದಳು. "ಇಲ್ಲೇನು, ಎಲ್ಲಾ ಚಂದ ಐತಿ. ಸಾಯಾಕ ಮಾತ್ರ ನನ್ನ ಕೋಣಿಗೆ ಹೋಗ್ತೀನಿ" ಎನ್ನುತ್ತಿದ್ದಳು. ಫೋನಿನಲ್ಲಿ ಮಕ್ಕಳಿಬ್ಬರನ್ನೂ ಕೇಳುವುದು ಇದೊಂದೇ, "ನನ್ನ ಕೋಣಿ ಆತೇನೋ?" ಇಬ್ಬರೂ ಹೇಳುತ್ತಿದ್ದದ್ದೂ ಒಂದೇ. ಮೇಸ್ತ್ರಿ ಬಂದಾನ ಯವ್ವ. ಜಂತಿ ಏರಿಸಾಕತ್ತಾನ. ಆತು, ಮಣ್ಣು ಹಸಿ ಐತಿ, ಒಣಗ್ಲಿ. ಸುಳ್ಳು, ಬರೀ ಸುಳ್ಳು! ಮೇಸ್ತ್ರಿಗಳು ಬಂದದ್ದು ನಿಜ. ಅಪ್ಪ ಹುಸೇನಪ್ಪನಿಂದ ನಮ್ಮ ಕಡೆಯ ಬಾಗಿಲು ಕೀಳಿಸಿ ಇಟ್ಟಿಗೆ ಕಟ್ಟಿಸಿದ. ಅದೇ ವಾರ ದೊಡ್ಡಪ್ಪ ರಾಜು ಮೇಸ್ತ್ರಿಯಿಂದ ಆ ಕಡೆಯ ಬಾಗಿಲು ಮುಚ್ಚಿಸಿದ. ಸಿಮೆಂಟು ಬಳಿದು, ಬಣ್ಣ ಹೊಡೆದರು. ನಡುವೆ ಅಜ್ಜಿಯ ಕೋಣೆ ಬಾಗಿಲಿಲ್ಲದೆ, ಮಾಳಿಗೆಯಿಲ್ಲದೆ, ಬಿದ್ದ ಮಣ್ಣಿನ ಸಮೇತ ಹಾಗೇ ಉಳಿಯಿತು. ಅಜ್ಜಿಗೆ ಏನಾದರೂ ಬಾಯಿಬಿಟ್ಟರೆ ನೋಡು ಎಂದು ಅಪ್ಪ ನನ್ನನ್ನು ಹೆದರಿಸಿಟ್ಟಿದ್ದ.

ಅಜ್ಜಿ ದೋಣಿಮಲೈಯಲ್ಲೇ ಹೋದಳು. ಮಣ್ಣು ಒಣಗುವುದನ್ನು ಕಾಯುತ್ತಲೇ ಹೋದಳು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂರಿಸುತ್ತೇವೆ, ಬಂದವರು ಹಾಗೇ ಕೊನೆಯ ದರ್ಶನ ಮಾಡುತ್ತಾರೆ. ಸಂಡೂರು, ಹೊಸಪೇಟೆ ದಾಟಿ ಗಾಡಿ ಕಂಪ್ಲಿಗೆ ಬರುವಷ್ಟರಲ್ಲಿ ನಮ್ಮ ಪಡಸಾಲೆಯಲ್ಲಿ ಅಪ್ಪ ಕಂಬಳಿ ಹಾಸಿ ಸಜ್ಜು ಮಾಡಿದ್ದ, ಗೋಡೆಯ ಆಚೆ ದೊಡ್ಡಪ್ಪನೂ ಮಾಡಿದ್ದ. ತಾಯಿ ನನ್ನ ಮನೆಗೇ ಬರಬೇಕು ಎಂದು ಬಾಗಿಲಲ್ಲಿ ನಿಂತಿದ್ದರು, ಬದುಕಿದ್ದಾಗ ಇಲ್ಲದ ಪೈಪೋಟಿ. ನೀಲಮ್ಮತ್ತೆ ಗಾಡಿಯಿಂದ ಇಳಿದು, "ಅವ್ವನ ಕೋಣ್ಯಾಗ ಕುಂದ್ರಸ್ರಿ, ಆಕಿ ಹೇಳಿ ಹೋಗ್ಯಾಳ" ಎಂದಳು. ಆಕೆ ನಮ್ಮ ಮನೆಯೊಳಗೆ ನಡೆದುಹೋಗಿ ಬಾಗಿಲಿದ್ದ ಜಾಗದಲ್ಲಿ ನಿಂತು ಗೋಡೆ ಮುಟ್ಟಿ ನೋಡಿದಳು. ಹೊರಗೆ ಬಂದು ದೊಡ್ಡಪ್ಪನ ಮನೆಯೊಳಗೆ ಹೋದಳು. ಅಲ್ಲೂ ಗೋಡೆ. ಹೊರಗೆ ಬಂದಾಗ ಅತ್ತೆಯ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. "ಒಡೀರಿ" ಎಂದಳು. ಹುಸೇನಪ್ಪ ಹಾರೆ ತಂದು ನಿಂತ. ಆಗ ಅಪ್ಪ, ನನ್ನ ಹೆತ್ತ ಅಪ್ಪ, "ಅವನ ಕಡಿಯಿಂದ ಒಡೀಲಿ, ನಂದ ಯಾಕ?" ಎಂದ. ದೊಡ್ಡಪ್ಪ, "ಹೊಸಾ ಗೋಡಿ ಐತಿ ನಂದು, ಅವಂದ ಒಡೀರಿ" ಎಂದ.

ವಿಧಿ ಮಾಡಿಸಲು ಬಂದಿದ್ದ ಅಯ್ಯನೋರು ಹೊತ್ತಾಯಿತು ಎಂದು ಅವಸರ ಮಾಡಿದರು. ನೀಲಮ್ಮತ್ತೆ ಗೌರಿಯನ್ನೂ ನನ್ನನ್ನೂ ಕರೆದು, ಅಜ್ಜಿಯನ್ನು ಹಿಡಿದುಕೊಂಡು, ಬೀದಿಯ ಕಟ್ಟೆಯ ಮೇಲೆ ಕೂರಿಸಿದಳು. ನಡುಮಧ್ಯಾಹ್ನ. ಓಣಿಯವರು ಮೇಲೊಂದು ಬಟ್ಟೆಯಾದರೂ ಕಟ್ಟೋಣ ಎಂದರು. "ಬ್ಯಾಡ. ಊರು ನೋಡ್ಲಿ" ಎಂದಳು ಅತ್ತೆ. ಊರು ನೋಡಿತು. ನಾವಿಬ್ಬರೂ ಅಜ್ಜಿಯ ಆಚೆ ಈಚೆ ಕುಳಿತು ನೊಣ ಓಡಿಸುತ್ತಿದ್ದೆವು. ಆಕೆಯ ಹಣೆಯ ವಿಭೂತಿ ಬಿಸಿಲಿಗೆ ಒಣಗಿ ಉದುರುತ್ತಿತ್ತು, ಗೌರಿ ಮತ್ತೆ ಮತ್ತೆ ಹಚ್ಚುತ್ತಿದ್ದಳು.

ಈಗ ಆ ಜಾಗದಲ್ಲಿ ಎರಡು ಆರ್‌ಸಿಸಿ ಮನೆಗಳಿವೆ, ಎರಡರಲ್ಲೂ ಬಾಡಿಗೆಯವರು. ಅಪ್ಪ ಸತ್ತಾಗ ಅವನ ಪಡಸಾಲೆಯಲ್ಲೇ ಕೂರಿಸಿದೆವು, ಮೇಲೆ ಫ್ಯಾನು ತಿರುಗುತ್ತಿತ್ತು. ದೊಡ್ಡಪ್ಪ ಸತ್ತಾಗ ಗೋಡೆಯಾಚೆ ಅವನ ಪಡಸಾಲೆಯಲ್ಲಿ ಕೂರಿಸಿದರು, ಹೋಗಿ ಕೈಮುಗಿದು ಬಂದೆ. ಅಳು ಬಂತು, ಬರಲಿಲ್ಲ ಎಂದು ಹೇಳುವುದಿಲ್ಲ. ಎಷ್ಟಾದರೂ ನಮ್ಮವರು. ಆದರೆ ಅಳುವಾಗಲೂ ತಲೆ ಎತ್ತಿ ನೋಡಿದೆ. ಇಬ್ಬರ ತಲೆಯ ಮೇಲೂ ಗಟ್ಟಿ ಮಾಳಿಗೆ ಇತ್ತು. ಅಜ್ಜಿ ಬಿಸಿಲಲ್ಲಿ ಕೂತಿದ್ದಳು.