ಲೈನ್ ತರಿಸಿದ ಮಿಲ್ಲಿನ ಚಾಚಾ

ಮಿಲ್ಲಿನ ಚಾಚಾ ಅವರ ಹುಬ್ಬು ಯಾವಾಗಲೂ ಹಳದಿ. ತೊಗರಿಬೇಳೆಯ ಹುಡಿ ಕೂತು ಕೂತು ಬಣ್ಣ ಹಿಡಿದಿತ್ತು. ಈದ್ ದಿನ ಅತ್ತರು ಹಚ್ಚಿಕೊಂಡು ಬಿಳಿ ಜುಬ್ಬಾದಲ್ಲಿ ಬಂದರೂ ಹುಬ್ಬು ಮಾತ್ರ ಗಿರಣಿಯದೇ. ಆಳಂದದಲ್ಲಿ ಅವರ ದಾಲ್ ಮಿಲ್ಲಿನ ಗೋಡೆಗೆ ಹೊಂದಿಕೊಂಡ ಶೆಡ್ಡಿನಲ್ಲಿ ನನ್ನ ಜೋಳದ ರೊಟ್ಟಿ ಕೇಂದ್ರ. ದಿನಾ ಬೆಳಿಗ್ಗೆ ಬಂದು ಶೇಂಗಾ ಹಿಂಡಿ ಹಚ್ಚಿಕೊಂಡು ಒಂದು ರೊಟ್ಟಿ ತಿನ್ನುವರು, "ಉಪ್ಪು ಕಮ್ಮಿ ಆಗ್ಯದ" ಎನ್ನುವರು, ಮತ್ತೊಂದು ಕೇಳುವರು. ರೊಟ್ಟಿಗೆ ನಾವು ಉಪ್ಪೇ ಹಾಕುತ್ತಿರಲಿಲ್ಲ.

ಆಗ ಕರೆಂಟಿನದು ದೊಡ್ಡ ಗೋಳು. ಸುಗ್ಗಿಯಲ್ಲಿ ನಿಂಬರ್ಗಾ ಕಡೆಯ ತೊಗರಿ ಗಾಡಿಗಳು ಸಾಲುಗಟ್ಟಿ ನಿಂತಾಗಲೇ ಅದು ಕೈಕೊಡುತ್ತಿತ್ತು. "ನಾ ಬ್ಯಾಳಿ ಮಾಡಾಕತ್ತಿಲ್ಲ ಬೇಟಿ, ಡೀಜೆಲ್ ಸುಡಾಕತ್ತೇನಿ" ಎಂದು ಗೊಣಗುತ್ತಲೇ ಚಾಚಾ ಜನರೇಟರ್ ಹಚ್ಚುತ್ತಿದ್ದರು. ಗಿರಣಿಗಳಿಗೆ ಬೇರೆ ಲೈನ್ ಕೊಡಿ ಎಂದು ಕರೆಂಟ್ ಆಫೀಸಿಗೆ ಅವರಷ್ಟು ತಿರುಗಿದವರಿಲ್ಲ. ಅಲ್ಲಿನ ಜವಾನನ ಮಗಳ ಮದುವೆ ಊಟವನ್ನೂ ಮಾಡಿ ಬಂದರು. ಲೈನ್ ಮಾತ್ರ ಬರಲಿಲ್ಲ.

ಕಡೆಗೆ ಬೇಸತ್ತು, ಮಿಲ್ಲನ್ನು ಬ್ಯಾಂಕಿಗೆ ಅಡವಿಟ್ಟು, ತಗಡಿನ ಮೇಲೆ ಸೋಲಾರ್ ಹಾಕಿಸಿದರು. ಹಿಂದಿನ ಕೋಣೆಯ ತುಂಬ ಬ್ಯಾಟರಿ ಇಡಿಸಿದರು. ನನ್ನ ಶೆಡ್ಡಿನ ರೊಟ್ಟಿ ಮಷೀನಿಗೂ ಪಕ್ಕದ ವೆಲ್ಡಿಂಗ್ ಅಂಗಡಿಗೂ ಅಲ್ಲಿಂದಲೇ ವೈರ್ ಎಳೆಸಿದರು; ನಾವು ತಿಂಗಳಿಗಿಷ್ಟು ಎಂದು ಅವರಿಗೆ ಕೊಡುತ್ತಿದ್ದೆವು. ಸೋಲಾರ್ ಕಂಪನಿಯವರ ಲೆಕ್ಕ ಸರಳವಾಗಿತ್ತು: ಉಳಿದ ಡೀಜೆಲ್ಲಿನ ದುಡ್ಡೇ ಕಂತು ಕಟ್ಟುತ್ತದೆ. ಮೊದಲ ಸುಗ್ಗಿಯಲ್ಲಿ ಕಟ್ಟಿತು ಕೂಡ. ಊರಿಗೆಲ್ಲ ಕರೆಂಟ್ ಹೋಗಿ ನಮ್ಮ ಮೂರು ಕಡೆ ಮಾತ್ರ ಯಂತ್ರ ತಿರುಗುವಾಗ ಚಾಚಾ ಮದುಮಗನ ಹಾಗೆ ಅಂಗಳದಲ್ಲಿ ಓಡಾಡುತ್ತಿದ್ದರು.

ಮರುವರ್ಷ ಲೈನ್ ಬಂತು.

ಅವರೇ ಬೇಡಿದ್ದ ಲೈನ್. ಓಡಾಡಿದವರೆಂದು ಅವರ ಕೈಯಿಂದಲೇ ಸ್ವಿಚ್ ಹಾಕಿಸಿ, ಮಾಲೆ ಹಾಕಿ, ಪೇಡೆ ಹಂಚಿದರು. ಕರೆಂಟ್ ಹೋಗುವುದೇ ನಿಂತ ಮೇಲೆ ಉಳಿಸಲು ಡೀಜೆಲ್ ಎಲ್ಲಿದೆ? ಸಾಲವಿಲ್ಲದ ಉಳಿದ ಮಿಲ್ಲಿನವರು ಬೇಳೆ ಮಾಡಿಕೊಡುವ ದರ ಇಳಿಸಿದರು; ಚಾಚಾ ಅವರಿಗೆ ಕಂತಿನ ಭಾರದಲ್ಲಿ ಇಳಿಸಲಾಗಲಿಲ್ಲ. ಗಾಡಿಗಳು ಅತ್ತ ಹೊರಳಿದವು. ಸೋಲಾರಿನಿಂದ ಬಿಲ್ಲಿನಲ್ಲಿ ಒಂದಿಷ್ಟು ಉಳಿಯುತ್ತಿತ್ತು, ಬ್ಯಾಟರಿಯ ಸಾಲಕ್ಕೆ ಅದು ಎಲ್ಲಿ ಸಾಕು? ಅಂಥದರಲ್ಲೂ ನನ್ನ ಬಾಗಿಲಿಗೆ ಬಂದು, "ಲೈನ್ ಅಗ್ಗ ಬೀಳ್ತದ. ನಿನ್ನ ಮಷೀನ್ ಅದಕ್ಕ ಜೋಡ್ಸು" ಎಂದರು.

"ಮತ್ತ ನಿಮ್ಮ ಬ್ಯಾಟ್ರಿ, ಚಾಚಾ?"

"ನಿನ್ನ ರೊಟ್ಟಿಯಿಂದ ಅದರ ಹೊಟ್ಟಿ ತುಂಬ್ತದೇನು?" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಬ್ಯಾಟರಿ ಮಾರಲು ಇನ್ನೂ ಕರೆಂಟ್ ಕೈಕೊಡುತ್ತಿದ್ದ ಅಂದೋಲಾ ಕಡೆಯ, ಹತ್ತಿ ಬಿಡಿಸುವ ಜಿನ್ನಿಗೆ ಹೋದಾಗ, ಚೆನ್ನಾಗಿ ನಡೆದಿವೆ ಎಂದು ಹೇಳಲು ನನ್ನನ್ನೂ ಕರೆದೊಯ್ದರು. ಜೇವರ್ಗಿ ದಾಟಿದ ಮೇಲೆ ರಸ್ತೆಯ ಬದಿಗೆ ನೆಡಲು ತಂದ ಹೊಸ ಕರೆಂಟ್ ಕಂಬಗಳು ಬಿದ್ದಿದ್ದವು. ಚಾಚಾ ಗಾಡಿ ನಿಲ್ಲಿಸಿ, ಇಳಿದು ನೋಡಿ, ಮತ್ತೆ ಹತ್ತಿ ಕೂತರು. ಜಿನ್ನಿನ ಮಾಲಕ ದರಕ್ಕೆ ಒಪ್ಪಿ ಚಹಾ ತರಿಸಿದ. ಕಪ್ಪು ಕೆಳಗಿಡುವ ಮೊದಲೇ ಚಾಚಾ, "ಸಾವ್ಕಾರ್ರ, ದಾರ್ಯಾಗ ಕಂಬ ಬಿದ್ದಾವ. ನಿಮಗೂ ಲೈನ್ ಬರಾಕತ್ತದ. ಇವು ತಗೋಬ್ಯಾಡ್ರಿ" ಎಂದುಬಿಟ್ಟರು.

ನನಗೆ ಮೈಯೆಲ್ಲ ಉರಿದುಹೋಯಿತು. ವಾಪಸು ಬರುವಾಗ, "ಇವತ್ತಲ್ಲ ನಾಳೆ ಅವರಿಗೇ ಗೊತ್ತಾಗ್ತಿತ್ತಲ್ರಿ, ನೀವ್ಯಾಕ ಹೇಳಿದ್ರಿ?" ಎಂದು ಜಗಳಕ್ಕೇ ನಿಂತೆ.

"ಗೊತ್ತಾಗೂದ್ರಾಗ ನನ್ನ ಸಾಲ ಅವನ ಮನ್ಯಾಗ ಇರ್ತಿತ್ತು, ಬೇಟಿ."

ಮಿಲ್ಲಿಗೆ ಬ್ಯಾಂಕಿನ ಬೀಗ ಬಿತ್ತು. ಬ್ಯಾಟರಿಗಳು ಒಳಗೇ ಉಳಿದವು. ನಾವು ಕೈಕೈ ಹಿಸುಕಿಕೊಂಡು ನೋಡಿದೆವು, ಅಷ್ಟೆ. ಯಾರನ್ನು ಬಯ್ಯುವುದು? ಕರೆಂಟ್ ಕೊಟ್ಟವರನ್ನೇ? ಚಾಚಾ ಅದಾದ ಮೇಲೆ ಬಹಳ ದಿನ ಉಳಿಯಲಿಲ್ಲ.

ಅವರ ಮಣ್ಣಾದ ಮರುದಿನ ನನ್ನ ಕೇಂದ್ರದಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು ಹಿಟ್ಟು ನಾದಿಟ್ಟು ನನ್ನ ಮುಖ ನೋಡುತ್ತ ನಿಂತಿದ್ದರು. ಸಂಜೆಗೆ ಮದುವೆ ಮನೆಯ ರೊಟ್ಟಿ ಹೋಗಬೇಕಿತ್ತು. "ಮಷೀನ್ ಹಚ್ಚೂಣೇನ್ರಿ ಅಕ್ಕಾ?" ಎಂದು ಒಬ್ಬಳು ಮೆಲ್ಲಗೆ ಕೇಳಿದಳು. ಕರೆಂಟ್ ಇತ್ತು. ಚಾಚಾ ತಂದ ಕರೆಂಟ್.

"ಹಚ್ಚು" ಎಂದೆ. ಹಚ್ಚದೆ ಏನು ಮಾಡಲಿ?