ರುಮಾಲು ಸುತ್ತಿ ಕಡಲಿಗೆ ಇಳಿದದ್ದು

ನಮ್ಮದು ಶಹಾಪುರದಲ್ಲಿ ಬೀಜ, ಗೊಬ್ಬರದ ಅಂಗಡಿ. ಆ ವರ್ಷ ಹೆಚ್ಚು ಮಾಲು ಮಾರಿದ ಅಂಗಡಿಯವರನ್ನೆಲ್ಲ ಥಾಯ್ಲೆಂಡಿಗೆ ಕಳಿಸುತ್ತೇವೆ ಎಂದು ಗೊಬ್ಬರದ ಕಂಪನಿಯವರು ಹೇಳಿದರು. ಥಾಯ್ಲೆಂಡ್ ಎಂದ ಕೂಡಲೇ ನಮ್ಮ ಕಡೆಯ ಗಂಡಸರಿಗೆ ಒಂದು ಥರದ ನಗು ಬರುತ್ತದೆ. ಮೀಸೆಯೊಳಗೇ ಹುಟ್ಟಿ ಮೀಸೆಯೊಳಗೇ ಸಾಯುವ ನಗು. ಯಾದಗಿರಿಯವರು, ಸುರಪುರದವರು, ಗುರುಮಠಕಲ್ಲಿನವರು, ಹೊರಟವರೆಲ್ಲ ಹಾಗೇ ನಗುತ್ತಿದ್ದರು. ನನ್ನ ಗಂಡ ಮಾತ್ರ ನಗಲಿಲ್ಲ.

"ಜೋಡಿ ಕಳಸೂದಾದ್ರ ಕಳಸ್ರಿ. ಒಬ್ಬಾವ ಹೋಗಿ ಅಲ್ಲಿ ನಾ ಏನ್ ಮಾಡ್ಲಿ?" ಎಂದು ಕಂಪನಿಯವನಿಗೆ ಹೇಳಿಬಿಟ್ಟರು.

ಹೆಂಡತಿಯ ಮೇಲಿನ ಪ್ರೀತಿಯಿಂದ ಹಾಗೆ ಹೇಳಿದರೋ, ಊಟದ ಚಿಂತೆಯಿಂದ ಹೇಳಿದರೋ ನಾನು ಕೇಳಲಿಲ್ಲ. ಕೇಳಿದರೆ ನಿಜ ಹೇಳಿಬಿಡುವ ಮನುಷ್ಯ. ಕಂಪನಿಯವರು ಒಪ್ಪಿದ ಮೇಲೆ ಸುಮ್ಮನೆ ಯಾದಗಿರಿಗೆ ಹೋಗಿ ಎರಡು ಜೊತೆ ಚೂಡಿದಾರ ತಂದುಕೊಂಡೆ. ಮದುವೆಯಾದ ಮೇಲೆ ನಾನು ಸೀರೆ ಬಿಟ್ಟು ಬೇರೇನೂ ಉಟ್ಟವಳಲ್ಲ. ಕಡಲಿಗೆ ಇಳಿಯುವುದೆಂದರೆ ಸೀರೆ ಉಟ್ಟು ಆಗುವ ಮಾತೇ?

ನೀರೆಂದರೆ ನನಗೆ ಮೊದಲಿನಿಂದಲೂ ಹುಚ್ಚು. ನನ್ನ ತವರು ಸುರಪುರದ ಆಚೆ, ಕೃಷ್ಣೆಯ ದಂಡೆಯ ಹಳ್ಳಿ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವಳು ನಾನು. ದೊಡ್ಡವಳಾದ ಮೇಲೆ ಅವ್ವ ಬಾವಿಯ ಕಡೆ ಹೋಗಗೊಡಲಿಲ್ಲ. ಅಲ್ಲಿಂದ ಮುಂದೆ ನನ್ನ ನೀರಾಟವೆಲ್ಲ ಬಚ್ಚಲಿನ ಬಕೆಟ್ಟಿನಷ್ಟೇ. ಹಾಗಾಗಿ ವಿಮಾನ ಹತ್ತುವಾಗ ನನಗಿದ್ದದ್ದು ಒಂದೇ ಆಸೆ: ಈ ಮನುಷ್ಯನ ಕೈ ಹಿಡಿದುಕೊಂಡು ಒಂದು ಸಲ ಕಡಲಿಗೆ ಇಳಿಯಬೇಕು.

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ಆ ಗಾದೆಯನ್ನು ನಮ್ಮಿಬ್ಬರನ್ನು ನೋಡಿಯೇ ಮಾಡಿರಬೇಕು. ಅಲ್ಲಿ ಮುಟ್ಟಿದ ದಿನವೇ ನಾನು ನಡುಮಟ್ಟದ ನೀರಿಗೆ ಹೋಗಿ ನಿಂತೆ. ಕಡಲು ನೋಡುತ್ತಿದ್ದದ್ದು ಅದೇ ಮೊದಲು, ಆದರೆ ಒಂದು ಗುಟುಕು ಉಪ್ಪುನೀರು ಕುಡಿದ ಮೇಲೆ ಹಳೆಯ ಗೆಳತಿ ಸಿಕ್ಕಂತಾಯಿತು. ಇವರು ಪ್ಯಾಂಟು ಮಡಚಿಕೊಂಡು ದಂಡೆಯಲ್ಲಿ ನಿಂತರು. ತೆರೆ ಬಂದು ಹಿಮ್ಮಡಿ ಮುಟ್ಟಿದರೆ ಎರಡು ಹೆಜ್ಜೆ ಹಿಂದೆ. ಸುತ್ತಲೂ ಪರದೇಶದ ಜನ, ದೂರದಿಂದ ಮಲಗಿದ ಬುದ್ಧನಂತೆ ಕಾಣುವ ನಮ್ಮೂರ ಗುಡ್ಡದ ಹಾಗೆ, ಕದಲದೆ ಮಲಗಿದ್ದರು. ಅವರ ನಡುವೆ ಇವರೊಬ್ಬರೇ, ಪೂರ್ತಿ ತೋಳಿನ ಬಿಳಿ ಅಂಗಿಯಲ್ಲಿ, ನನ್ನ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು.

"ಬರ್ರಿ!" ಎಂದು ಕೂಗಿದೆ.

"ನೀ ಆಡು. ನಾ ಇಲ್ಲೇ ಛಲೋ ಇದ್ದೀನಿ."

ಮರುದಿನವೂ ಅದೇ. ಅದರಾಚೆಯ ದಿನವೂ ಅದೇ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಆದರೂ ತಡೆದುಕೊಂಡೆ. ಅಂಗಿ ಬಿಚ್ಚಲು ನಾಚಿಕೆ ಇರಬೇಕು, ಇಲ್ಲವೆ ನೀರಿನ ಅಂಜಿಕೆ ಇರಬೇಕು ಎಂದುಕೊಂಡೆ. ಉಳಿದಂತೆ ಮನುಷ್ಯ ಖುಷಿಯಾಗಿಯೇ ಇದ್ದರು. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಹೋಟೆಲಿನ ಬಿಳಿ ಹಾಸಿಗೆಯ ಮೇಲೆ ಮೂಡಲಿಗೆ ಮುಖ ಮಾಡಿ ಕುಳಿತು, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡುತ್ತಿದ್ದರು. ಮನೆಯ ಹಿತ್ತಲಿನ ಪತ್ರಿ ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಶಹಾಪುರದಿಂದಲೇ ತಂದಿದ್ದರು. ಪೂಜೆ ಮುಗಿದ ಮೇಲೆ ಲಿಂಗ ಬೆಳ್ಳಿಯ ಕರಡಿಗೆಯೊಳಗೆ, ಕರಡಿಗೆ ಶಿವದಾರದಲ್ಲಿ, ಶಿವದಾರ ಕೊರಳಲ್ಲಿ. ಆಮೇಲೆ ಹಲಸಿನ ಹಣ್ಣು, ಎಳನೀರು, ಮಾವಿನಹಣ್ಣಿನ ಜೊತೆಗೆ ಕೊಡುವ ಸಿಹಿ ಅನ್ನ. ಇವೆಲ್ಲ ಅವರಿಗೆ ಬಹಳ ಸೇರಿದವು.

ಕೊನೆಯ ದಿನ ನಮ್ಮನ್ನು ದೋಣಿಯಲ್ಲಿ ಒಂದು ದ್ವೀಪಕ್ಕೆ ಕರೆದುಕೊಂಡು ಹೋದರು. ಉಳಿದವರು ದಂಡೆಯ ಮೇಲೆ ಊಟಕ್ಕೆ ಇಳಿದರು. ನಾವಿಬ್ಬರು ದೋಣಿಯಲ್ಲೇ ಉಳಿದೆವು. ದೋಣಿಯವನು ನಮ್ಮ ವಯಸ್ಸಿನವನೇ, ಬಿಸಿಲಿಗೆ ಸುಟ್ಟ ಮುಖ. ಕಣ್ಣಿಗೆ ಕಟ್ಟಿಕೊಳ್ಳುವ ಗಾಜು, ಬಾಯಲ್ಲಿ ಕಚ್ಚಿಕೊಳ್ಳುವ ಕೊಳವೆ, ತೇಲುವ ಜಾಕೀಟು ಕೊಟ್ಟು, ಮುಖವನ್ನು ನೀರಿನಲ್ಲಿ ಇಡುವುದು ಹೇಗೆಂದು ಸನ್ನೆಯಲ್ಲಿ ತೋರಿಸಿದ. ನಾನು ಇಳಿದೇಬಿಟ್ಟೆ.

ಮುಖ ಒಳಗಿಟ್ಟೆ ನೋಡಿ, ಅಲ್ಲಿ ಇನ್ನೊಂದು ಊರೇ ಇತ್ತು. ಅರಿಶಿನದ ಮೈಗೆ ಕಪ್ಪು ಪಟ್ಟೆಯ ಮೀನುಗಳು ಓಣಿಯ ಹೆಂಗಸರಂತೆ ಗುಂಪು ಕಟ್ಟಿಕೊಂಡು ಹೋಗುತ್ತಿದ್ದವು. ಕಲ್ಲೋ ಗಿಡವೋ ತಿಳಿಯದ ಪೊದೆಗಳು. ನೇರಳೆ ಬಣ್ಣದ್ದೊಂದು ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. "ಅಲ್ನೋಡ್ರಿ!" ಎನ್ನಲು ತಿರುಗಿದೆ. ಪಕ್ಕದಲ್ಲಿ ನೀರು ಬಿಟ್ಟರೆ ಯಾರೂ ಇರಲಿಲ್ಲ. ಅಷ್ಟು ಚೆಂದದ್ದನ್ನು ಒಬ್ಬಳೇ ನೋಡುವುದು ನನ್ನಿಂದ ಆಗಲಿಲ್ಲ.

ದೋಣಿಗೆ ಹತ್ತಿ, ಮೈಯಿಂದ ನೀರು ಇಳಿಯುತ್ತಿರುವಾಗಲೇ ಕಂಡದ್ದನ್ನೆಲ್ಲ ಹೇಳಿದೆ. ಅವರು "ಹೌದಾ? ಭೇಷ್," ಎಂದರು. ಹತ್ತಿಗೆ ಹುಳ ಬಿದ್ದಿದೆ ಎಂದು ಹೇಳುವ ರೈತನಿಗೆ ಅಂಗಡಿಯಲ್ಲಿ ಕುಳಿತು ಹೇಳುತ್ತಾರಲ್ಲ, ಅದೇ ದನಿ. ಮೂರು ದಿನದ ಸಿಟ್ಟು ಒಮ್ಮೆಲೇ ಹೊರಗೆ ಬಂತು.

"ಇಷ್ಟು ದೂರ ಬಂದು ನನ್ನ ಚಪ್ಲಿ ಕಾಯಾಕತ್ತೀರಿ! ನಾ ಹೇಳಿದ್ದು ಬರೇ ಕೇಳಿದ್ರ ಏನ್ ಬಂತ್ರಿ? ನೀವೂ ನೋಡಬೇಕು. ನೀರಿಗಿ ಅಷ್ಟ್ಯಾಕ ಅಂಜತೀರಿ?"

"ನೀರಿನ ಅಂಜಿಕಿ ಅಲ್ಲ," ಎಂದರು. ಆಮೇಲೆ ಅಂಗಿಯ ಮೇಲೆ ಎದೆಯ ಹತ್ತಿರ ಕೈ ಇಟ್ಟುಕೊಂಡರು. "ತೆರಿ ಹೊಡತಕ್ಕ ದಾರ ಹರದು ಇದು ಸಮುದ್ರದಾಗ ಬಿದ್ರ? ಎಲ್ಲಿ ಹುಡುಕ್ಲಿ?"

ಲಿಂಗದೀಕ್ಷೆ ನನಗೂ ಆಗಿದೆ. ಆದರೆ ನನ್ನ ಲಿಂಗ ದೇವರ ಜಗಲಿಯ ಮೇಲೆ ಇರುತ್ತದೆ, ಪೂಜೆಯ ಹೊತ್ತಿಗಷ್ಟೇ ಕಟ್ಟಿಕೊಳ್ಳುತ್ತೇನೆ. ಇವರದು ಹಾಗಲ್ಲ. ಅವರ ಅವ್ವ ಅಬ್ಬೆತುಮಕೂರಿನ ಮಠಕ್ಕೆ ಕರೆದುಕೊಂಡು ಹೋಗಿ ಕಟ್ಟಿಸಿದ ದಿನದಿಂದ ಅದು ಅವರ ಮೈ ಬಿಟ್ಟಿಲ್ಲ. ಸ್ನಾನಕ್ಕೂ ಇಲ್ಲ, ನಿದ್ದೆಗೂ ಇಲ್ಲ. ಕಿವಿ, ಮೂಗಿನಂತೆ ಅದೂ ಮೈಯ ಒಂದು ಭಾಗವೇ ಆಗಿ ನನಗೆ ಕಾಣುವುದೇ ನಿಂತಿತ್ತು. ಹೋಟೆಲಿನಲ್ಲಿ ತೆಗೆದಿಟ್ಟು ಬರಬಹುದಿತ್ತಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಬಾಯಿಗೆ ಬಂದ ಮಾತನ್ನು ಎಂದೂ ನುಂಗದವಳು ಅಂದು ನುಂಗಿದೆ. ಒಳ್ಳೆಯದಾಯಿತು.

ಆಗ ನನ್ನ ಅಜ್ಜ ನೆನಪಾದ. ನಮ್ಮ ಹೊಲ ಹೊಳೆಯ ಆಚೆ ದಂಡೆಗೆ ಇತ್ತು. ಹರಿಗೋಲು ಸಿಗದ ದಿನ ಅಜ್ಜ ಈಜಿಕೊಂಡೇ ಹೋಗುತ್ತಿದ್ದ. ನೀರಿಗೆ ಇಳಿಯುವ ಮೊದಲು ಕೊರಳಿನ ಕರಡಿಗೆ ತೆಗೆದು ನೆತ್ತಿಯ ಮೇಲಿಟ್ಟು, ಮೇಲೆ ರುಮಾಲು ಬಿಗಿಯಾಗಿ ಸುತ್ತುತ್ತಿದ್ದ. "ನೆತ್ತಿ ಮ್ಯಾಲ ಶಿವ ಇದ್ರ ಹೊಳಿ ಏನ್ ಮಾಡ್ತದ?" ಎನ್ನುತ್ತಿದ್ದ. ಇಷ್ಟನ್ನೂ ಹೇಳಿದೆ. ಇವರು ತಲೆಯ ಮೇಲೆ ಕೈ ಆಡಿಸಿಕೊಂಡರು.

"ರುಮಾಲ ಎಲ್ಲದ?"

ನಾನು ಚೂಡಿದಾರದ ಕೆಂಪು ಓಢಣಿ ತೆಗೆದೆ.

ಅವರು ಅಂಗಿ ಬಿಚ್ಚಿದರು. ಕರಡಿಗೆಯನ್ನು ತಾವೇ ತೆಗೆದು, ಕಣ್ಣಿಗೆ ಒತ್ತಿಕೊಂಡು, ನೆತ್ತಿಯ ಮೇಲಿಟ್ಟು ಕೈಯಿಂದ ಹಿಡಿದುಕೊಂಡರು. ಆಮೇಲೆ ನನ್ನ ಮುಂದೆ ತಲೆ ಬಾಗಿಸಿದರು. ನಮ್ಮ ಮದುವೆಯಲ್ಲಿ ಅವರಿಗೆ ರುಮಾಲು ಕಟ್ಟಿದವರು ಹಿರಿಯರು. ನಾನು ಕಟ್ಟಿದ್ದು ಅದೇ ಮೊದಲು. ಅಜ್ಜ ಸುತ್ತುತ್ತಿದ್ದದ್ದನ್ನು ನೆನೆದು ನೆನೆದು ಸುತ್ತಿದೆ, ಬಿಗಿದೆ, ಜಗ್ಗಿ ನೋಡಿದೆ. "ತಲಿ ಒಡಿತೀ ಏನು?" ಎಂದರು. ದೋಣಿಯವನು ಎಲ್ಲವನ್ನೂ ನೋಡುತ್ತಿದ್ದ, ನಗಲಿಲ್ಲ. ತನ್ನ ಅಂಗಿಯೊಳಗಿನ ದಾರ ಎಳೆದು ಅದರ ತುದಿಯಲ್ಲಿದ್ದ ಸಣ್ಣ ಬುದ್ಧನನ್ನು ನಮಗೆ ತೋರಿಸಿದ. ಇವರ ರುಮಾಲಿನ ಮೇಲೆ ಗಾಜಿನ ಪಟ್ಟಿ ಕಟ್ಟುವ ಮೊದಲು ಎರಡೂ ಕೈ ಜೋಡಿಸಿದ.

ಇಳಿದೆವು. ಇವರ ಎಡಗೈ ನನ್ನ ಕೈಯಲ್ಲಿ, ಬಲಗೈ ತಲೆಯ ಮೇಲೆ. ಆ ಹಿಡಿತಕ್ಕೆ ನನ್ನ ಬಳೆ ಒಡೆಯುವುದೊಂದು ಬಾಕಿ. ಮೊದಲು ಕಣ್ಣು ಮುಚ್ಚಿಕೊಂಡೇ ತೇಲಿದರು. ಮೊಣಕೈಯಿಂದ ತಿವಿದೆ. ಕಣ್ಣು ಬಿಟ್ಟರು. ಅರಿಶಿನದ ಮೀನುಗಳು ನಮ್ಮಿಬ್ಬರ ನಡುವೆಯೇ ಹಾದು ಹೋದವು. ಅವರ ಹಿಡಿತ ನಿಧಾನವಾಗಿ ಸಡಿಲವಾಯಿತು. ನಾನು ಅದನ್ನು ನೋಡ್ರಿ, ಇದನ್ನು ನೋಡ್ರಿ ಎಂದು ಬೆರಳಿನಿಂದಲೇ ತೋರಿಸುತ್ತ ಹೋದೆ.

ಸ್ವಲ್ಪ ಹೊತ್ತಿನ ಮೇಲೆ ಅವರ ಬಲಗೈ ತಲೆಯಿಂದ ಇಳಿಯಿತು. ಇಳಿದು, ನನ್ನ ಮುಖದ ಮುಂದೆ ಬಂದು, ಕೆಳಗೆ ಏನನ್ನೋ ಬೆರಳು ಮಾಡಿ ತೋರಿಸಿತು.

ಮದುವೆಯಾದಾಗಿನಿಂದ ತೋರಿಸುವವಳು ನಾನು, ನೋಡಿ ಭೇಷ್ ಎನ್ನುವವರು ಅವರು. ಆ ಮನುಷ್ಯ ತಲೆಯ ಮೇಲಿನ ಕೈ ಬಿಟ್ಟು ನನಗೆ ಏನನ್ನೋ ತೋರಿಸುತ್ತಿದ್ದರು. ನಾನು ಆ ಬೆರಳನ್ನೇ ನೋಡುತ್ತ ಉಳಿದೆ. ಸಂತೋಷಕ್ಕೆ ಅಳು ಬಂತು. ಗಾಜು ಮಂಜಾಗಿ ಮುಂದೆ ಏನೂ ಕಾಣಲಿಲ್ಲ.

ದೋಣಿಯಲ್ಲಿ ರುಮಾಲು ಬಿಚ್ಚಿ, ಕರಡಿಗೆ ಇದ್ದಲ್ಲೇ ಇರುವುದನ್ನು ಇಬ್ಬರೂ ನೋಡಿದೆವು. ಅವರು ಅದನ್ನು ಕೊರಳಿಗೆ ಹಾಕಿಕೊಂಡು, "ನೋಡಿದೇನು ಅದನ್ನ?" ಎಂದು ಕೇಳಿದರು.

"ನೋಡಿದ್ನಿ ಬಿಡ್ರಿ," ಎಂದೆ.

ಅದು ಆಮೆ ಎಂದು ನನಗೆ ತಿಳಿದದ್ದು ಊರಿಗೆ ಬಂದ ಮೇಲೆ, ಅಂಗಡಿಯಲ್ಲಿ ಅವರು ರೈತರಿಗೆ ಹೇಳುವುದನ್ನು ಕೇಳಿ. ಆಗ ಅದು ಊಟದ ಗಂಗಾಳದಷ್ಟಿತ್ತು. ಮುಂಗಾರು ಬಿತ್ತನೆಯ ಹೊತ್ತಿಗೆ ರೊಟ್ಟಿ ಬಡಿಯುವ ದೊಡ್ಡ ಮರದ ಕೊಣಮಿಗೆಯಷ್ಟಾಯಿತು. ಈಗ ಬಂಡಿಯ ಗಾಲಿಯಷ್ಟಾಗಿದೆ. ಯಾರಾದರೂ ಆ ಮೀಸೆಯೊಳಗಿನ ನಗು ನಕ್ಕರೆ, "ಸುಳ್ಳನಸಿದ್ರ ನಮ್ಮಾಕೀನ ಕೇಳ್ರಿ. ನಾನ ಆಕಿಗಿ ತೋರ್ಸೀನಿ," ಎನ್ನುತ್ತಾರೆ.

ನಾನು ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿರುತ್ತೇನೆ.

"ಹೌದ್ರಿ, ಅಷ್ಟ ದೊಡ್ಡದಿತ್ತು," ಎನ್ನುತ್ತೇನೆ. "ಇವರು ತೋರ್ಸಿದ್ರು, ನಾ ನೋಡೀನಿ."